ಟವೆಲ್ಲು ಹಿಡಿದ ಸೀಟು

ದುರ್ಗದ ಸ್ಟ್ಯಾಂಡಿನಲ್ಲಿ ಎರಡೂಕಾಲರ ಬಸ್ಸು
ಹಿಂದಕ್ಕೆ ಸರಿದು ನಿಲ್ಲುವ ಮೊದಲೇ
ಮೂರನೇ ಕಿಟಕಿಯಿಂದ ಒಂದು ಕೈ ಒಳಗೆ ಬಂತು.
ಕೈಯಷ್ಟೇ ನನಗೆ ಕಂಡದ್ದು. ಮಣಿಕಟ್ಟಿಗೆ ಕರಿ ದಾರ,
ಉಗುರಿನ ಸಂದಿಯಲ್ಲಿ ಸುಣ್ಣವೋ ಹಿಟ್ಟೋ.
ನೀಲಿ ಅಂಚಿನ ಟವೆಲ್ಲನ್ನು ಸೀಟಿಗೆ ಎಸೆದು
ಕೈ ಹೊರಟುಹೋಯಿತು.

ಆಮೇಲೆ ಬಾಗಿಲ ತುಂಬ ಜನ.
ಚೀಲ, ಕೊಡಪಾನ, ಹೊಸ ಪೊರಕೆಯ ಕಟ್ಟು,
ಪಾಸ್‌ಬುಕ್ಕನ್ನು ಹಲ್ಲಲ್ಲಿ ಕಚ್ಚಿಕೊಂಡು ಹತ್ತಿದ ಹೆಂಗಸು.
ಆಧಾರ್ ಕಾರ್ಡು ನೋಡುತ್ತ, ಸೊನ್ನೆ ಟಿಕೆಟ್ಟು ಹರಿದು ಕೊಡುತ್ತ
ಹಿಂದಿನಿಂದ ಮುಂದಕ್ಕೆ ಬಂದೆ.
ಕೈಯ ಒಡೆಯ ಬರಲಿಲ್ಲ.
ಸೀಟಿ ಊದಿದೆ. ತಡೆದು, ಇನ್ನೊಮ್ಮೆ ಊದಿದೆ.
ಡ್ರೈವರ್ ಗಾದಿಲಿಂಗಪ್ಪ ಕನ್ನಡಿಯಲ್ಲಿ ಹುಬ್ಬೇರಿಸಿದ.
ರೈಟ್.

ನಿಂತವರು ಹತ್ತೊಂಬತ್ತು ಜನ.
ನಡುವೆ ಒಂದು ಸೀಟು. ಖಾಲಿ ಅನ್ನುವಂತಿಲ್ಲ,
ತುಂಬಿದೆ ಅನ್ನುವಂತೆಯೂ ಇಲ್ಲ.
ಊರು ದಾಟುವವರೆಗೆ ಅದು ಜಗಳದ ಹೆದರಿಕೆ.
ಬಸ್ಸಲ್ಲಿ ಇನ್ನೊಬ್ಬರ ಟವೆಲ್ಲು ಎತ್ತಿದವನ ಪಾಡು
ಯಾರಿಗೆ ಗೊತ್ತಿಲ್ಲ?
ಗುಡ್ಡದ ಮೇಲಿನ ಗಾಳಿಕಂಬಗಳು ಒಂದೊಂದಾಗಿ ಹಿಂದೆ ಬಿದ್ದವು,
ಅವುಗಳಲ್ಲಿ ಒಂದು ತಿರುಗುತ್ತಿರಲಿಲ್ಲ.
ಚಳ್ಳಕೆರೆಯಲ್ಲಿ ಎಣ್ಣೆಮಿಲ್ಲಿನ ಹಿಂಡಿವಾಸನೆ ಒಳಗೆ ಹತ್ತಿ
ಎಲ್ಲರ ನಡುವೆ ಜಾಗ ಮಾಡಿಕೊಂಡಿತು,
ಟವೆಲ್ಲಿನ ಮೇಲೂ ಕೂತಿತೇನೋ.

ಐಟಿಐ ಹುಡುಗನೊಬ್ಬ ಅಂದ,
'ತೆಗೀರಿ ಅತ್ಲಾಗೆ, ಬರೋನಾಗಿದ್ರೆ ಬರ್ತಿರ್ಲಿಲ್ವ?'
ವಾರಕ್ಕೆರಡು ಸಲ ಹತ್ತುವ ಬೋರಕ್ಕ, ಮೊಣಕಾಲಿಗೆ ಪಟ್ಟಿ ಕಟ್ಟಿದವಳು,
ಶೇಂಗಾದ ಗಂಟನ್ನು ಎಡದಿಂದ ಬಲಕ್ಕೆ ಬದಲಿಸುತ್ತ
'ಬ್ಯಾಡ ಕಣಪ್ಪ. ಯಾರೋ ನಂಬಿ ಹಾಕ್ಯಾರೆ.
ನಾನು ತಳಕಿಗೆ ಇಳೀತೀನಿ, ಇನ್ನೇನು ಬಂತಲ್ಲ.'
ತಳಕು ಇನ್ನೂ ಇಪ್ಪತ್ತು ಕಿಲೋಮೀಟರು ಇತ್ತು.

ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಅಪ್ಪ ಇದೇ ರೂಟಿನಲ್ಲಿ ಸೀಟಿ ಊದುತ್ತಿದ್ದ.
ಅವನು ಹೋದ ಒಂಬತ್ತನೇ ತಿಂಗಳಿಗೆ ಕಾಗದ ಬಂತು,
'ಅನುಕಂಪದ ಆಧಾರದ ಮೇಲೆ'.
ಡಿಪೋದ ಗುಮಾಸ್ತ ಹಾಳೆ ತಿರುವುತ್ತ, ಕೆಟ್ಟ ಮನಸ್ಸಿಂದಲ್ಲ,
'ನಿಮ್ಮಪ್ಪಂದು ಖಾಲಿ ಇದೆಯಲ್ಲಮ್ಮ, ಕೂತ್ಕೊ' ಅಂದ.
ಕೂರುವ ಕೆಲಸವಲ್ಲ ಇದು ಅಂತ ಅವತ್ತು ಗೊತ್ತಿರಲಿಲ್ಲ.
ಸೀಟು ಅವರದು, ನನ್ನ ಪಾಲಿಗೆ ಸೀಟಿ.
ಬ್ಯಾಗಿನ ಪಟ್ಟಿಗೆ ಎರಡು ತೂತು ಹೆಚ್ಚು ಹೊಡೆಸಿದೆ.
ಅವನ ತೂತು ಹಾಗೇ ಇದೆ, ಉದ್ದಕ್ಕೆ ಹಿಗ್ಗಿ,
ಇಪ್ಪತ್ತಾರು ವರ್ಷದ ಚಿಲ್ಲರೆ ಜಗ್ಗಿದ ಕಡೆಗೆ.
ರಸ್ತೆ ಕೆಟ್ಟಿದ್ದಲ್ಲೆಲ್ಲ
ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಮೊಳಕಾಲ್ಮೂರಿನಲ್ಲಿ ಬಸ್ಸು ಪೂರ್ತಿ ಇಳಿಯಿತು.
ಟವೆಲ್ಲು ಇಳಿಯಲಿಲ್ಲ.
ಎತ್ತಿ ನೋಡಬಹುದಿತ್ತು,
ಅಂಚಿಗೆ ಹೆಸರು ಹೊಲಿದಿದೆಯೋ, ತುದಿಯ ಗಂಟಲ್ಲಿ ಕಾಸಿದೆಯೋ.
ಚಾ ಕುಡಿದು ಬಂದೆ.
ಲೆಕ್ಕ ತೆಗೆದರೆ ಆ ಸೀಟು ಎಲ್ಲೂ ಇಲ್ಲ,
ದುಡ್ಡಿನ ಟಿಕೆಟ್ಟಲ್ಲೂ ಇಲ್ಲ, ಸೊನ್ನೆಯಲ್ಲೂ ಇಲ್ಲ.
ಸೊನ್ನೆ ಹರಿಯಬೇಕಾದರೂ
ಒಬ್ಬರು ಕೂತಿರಬೇಕು.

ದುರ್ಗಕ್ಕೆ ವಾಪಸ್ಸು ಬರುವಾಗ ಕತ್ತಲು.
ಚಳ್ಳಕೆರೆಯ ಕಡೇ ಟ್ರಿಪ್ಪು ಅಂತ ಗೊತ್ತಾದದ್ದೇ
ಎಲ್ಲ ಕಿಟಕಿಗಳಿಂದಲೂ ಕೈ.
ಕರ್ಚೀಫು, ಛತ್ರಿ, ಹೆಲ್ಮೆಟ್ಟು,
ಅಳುವುದನ್ನೂ ಮರೆತ ಒಂದು ಕೂಸು.
ನಾನು ಮೂರನೇ ಕಿಟಕಿಯಲ್ಲಿ ಕರಿ ದಾರ ಹುಡುಕಿದೆ.

ಬಂದವನು ಬೇರೆ. ಸ್ವೆಟರು ತೊಟ್ಟ ದಪ್ಪನೆಯವನು
ಟವೆಲ್ಲನ್ನು ಎರಡೇ ಬೆರಳಲ್ಲಿ ಎತ್ತಿ
'ಯಾರ್ದಮ್ಮ ಇದು?'

'ನಂದು' ಅಂದೆ.

ಯಾಕೆ ಅಂತ ಕೇಳಬೇಡಿ. ಬಾಯಿಗೆ ಬಂತು.
ಅವನು ಅದನ್ನು ಇದ್ದ ಕಡೆಯೇ ಇಟ್ಟು,
ಮಡಿಕೆ ಸರಿ ಮಾಡಿ,
ಕಂಬಿ ಹಿಡಿದು ನಿಂತ.